ಸೋಗಾನೆಯ ವಿಮಾನ: ಜನ ಇಲ್ಲವೋ, ಭರವಸೆ ಇಲ್ಲವೋ?

ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಲ್ಲಿ 3 ಕಿಲೋಮೀಟರ್‌ಗೂ ಉದ್ದದ ರನ್‌ವೇ ಇದೆ. ಏರ್‌ಬಸ್, ಬೋಯಿಂಗ್ ವಿಮಾನಗಳೂ ಇಳಿಯಬಹುದಾದಷ್ಟು ಉದ್ದ. ಖರ್ಚಾಗಿದ್ದು ಸುಮಾರು 450 ಕೋಟಿ ರೂಪಾಯಿ. ಕಮಲದ ಆಕಾರದ ಟರ್ಮಿನಲ್‌ನಲ್ಲಿ ಗಂಟೆಗೆ 300 ಪ್ರಯಾಣಿಕರಿಗೆ ಜಾಗ ಉಂಟು. 2023ರ ಫೆಬ್ರುವರಿ 27ರಂದು ಪ್ರಧಾನಿ ನರೇಂದ್ರ ಮೋದಿ ಇದನ್ನು ಉದ್ಘಾಟಿಸಿದರು. ರಾಷ್ಟ್ರಕವಿ ಕುವೆಂಪು ಅವರ ಹೆಸರಿಟ್ಟರು. ಮೊದಲ ಪ್ರಯಾಣಿಕ ವಿಮಾನ ಬಂದಿದ್ದು ಆರು ತಿಂಗಳಾದ ಮೇಲೆ, ಆಗಸ್ಟ್ 31ಕ್ಕೆ. ಬೆಂಗಳೂರಿನಿಂದ ಬಂದ ಇಂಡಿಗೋದ ಎಟಿಆರ್ ಎಂಬ ಸಣ್ಣ ವಿಮಾನ ಅದು. ನವೆಂಬರ್‌ನಲ್ಲಿ ಸ್ಟಾರ್ ಏರ್ ಹೈದರಾಬಾದ್, ಗೋವಾ, ತಿರುಪತಿಗೆ ಹಾರಾಟ ಶುರು ಮಾಡಿತು.

ಇಷ್ಟೆಲ್ಲ ಇದ್ದರೂ, ನಾಳೆ ಬೆಳಿಗ್ಗೆ ಬೆಂಗಳೂರಿನಲ್ಲಿ ಕೆಲಸ ಇದೆ ಅಂದ್ರೆ ಶಿವಮೊಗ್ಗದವರು ಮೊದಲು ನೋಡುವುದು ಜನಶತಾಬ್ದಿಯಲ್ಲಿ ಸೀಟಿದೆಯೇ ಅಂತ. ಇಲ್ಲದಿದ್ದರೆ ರಾತ್ರಿ ಬಸ್ಸು. ವಿಮಾನದ ನೆನಪಾಗುವುದು ಆಮೇಲೆ. ಇದನ್ನು ನೋಡಿ 'ಸಣ್ಣ ಊರಿನಲ್ಲಿ ವಿಮಾನಕ್ಕೆ ಜನ ಎಲ್ಲಿದ್ದಾರೆ' ಅಂತ ಕೇಳುವವರಿದ್ದಾರೆ. ನನ್ನ ಪ್ರಕಾರ ಈ ಪ್ರಶ್ನೆಯನ್ನೇ ತಿರುಗಿಸಿ ಕೇಳಬೇಕು. ಜನ ಬರುವಂಥ ಹೊತ್ತಿಗೆ, ಜನ ನಂಬುವ ಹಾಗೆ, ವರ್ಷಪೂರ್ತಿ ವಿಮಾನ ಓಡಿಸಿ ನೋಡಿದ್ದೇವೆಯೇ? ಇಲ್ಲ. ಹಾಗೆ ಓಡಿಸಲು ಏನು ಬೇಕೋ ಅದನ್ನೇ ಕೊನೆಗೆ ಇಟ್ಟುಕೊಂಡಿದ್ದೇವೆ. ಕಟ್ಟಡ ಮೊದಲು ಎದ್ದಿತು, ವಿಮಾನ ಇಳಿಸಲು ನೆರವಾಗುವ ಉಪಕರಣ ಹಿಂದೆ ಬಿತ್ತು. ಶಿವಮೊಗ್ಗದ ತೊಂದರೆಯ ಬೇರು ಅಲ್ಲಿದೆ.

ಪೈಲಟ್‌ಗೆ ರನ್‌ವೇ ಕಾಣಬೇಕು

ಜುಲೈ ತಿಂಗಳ ಒಂದು ಬೆಳಿಗ್ಗೆ ಅಂದುಕೊಳ್ಳಿ. ತೀರ್ಥಹಳ್ಳಿ, ಹೊಸನಗರದ ಕಡೆ ರಾತ್ರಿಯಿಡೀ ಮಳೆ ಹೊಯ್ದಿದೆ. ಸೋಗಾನೆಯಲ್ಲಿ ಮಳೆ ನಿಂತಿದೆ, ಆದರೆ ಮೋಡ ಕೆಳಗಿಳಿದು ಕೂತಿದೆ. ಬೆಂಗಳೂರಿನಿಂದ ಹೊರಟ ವಿಮಾನ ಮುಕ್ಕಾಲು ಗಂಟೆಯಲ್ಲಿ ಶಿವಮೊಗ್ಗದ ಮೇಲೆ ಬಂದಿದೆ. ಈಗ ಇಳಿಯಬೇಕು.

ದೊಡ್ಡ ವಿಮಾನ ನಿಲ್ದಾಣದಲ್ಲಿ ಈ ಹೊತ್ತಿನಲ್ಲಿ ಐಎಲ್‌ಎಸ್ ಎಂಬ ವ್ಯವಸ್ಥೆ ಕೆಲಸ ಮಾಡುತ್ತದೆ. ರನ್‌ವೇಯ ಒಂದು ತುದಿಯಿಂದ ಬರುವ ರೇಡಿಯೊ ಸಂಕೇತ, ನೀನು ಎಡಕ್ಕಿದ್ದೀಯೋ ಬಲಕ್ಕಿದ್ದೀಯೋ ಅಂತ ವಿಮಾನಕ್ಕೆ ಹೇಳುತ್ತದೆ. ಪಕ್ಕದಿಂದ ಬರುವ ಇನ್ನೊಂದು ಸಂಕೇತ, ಎಷ್ಟು ಎತ್ತರದಲ್ಲಿ ಇಳಿದು ಬರಬೇಕು ಅಂತ ತೋರಿಸುತ್ತದೆ. ಇವೆರಡನ್ನು ನಂಬಿ ಪೈಲಟ್ ಮೋಡದೊಳಗೇ ಇಳಿಯುತ್ತಾ ಬರುತ್ತಾರೆ. ಈ ವ್ಯವಸ್ಥೆಯ ಮೊದಲ ದರ್ಜೆಯಲ್ಲೇ ನೆಲದಿಂದ 200 ಅಡಿ ಎತ್ತರದವರೆಗೆ ಕಣ್ಣಿಗೆ ಏನೂ ಕಾಣದಿದ್ದರೂ ನಡೆಯುತ್ತದೆ. ಅಲ್ಲಿಗೆ ಬಂದಾಗ ದೀಪಗಳು ಕಂಡರೆ ಸಾಕು.

ಸೋಗಾನೆಯ ಹಾಗೆ ಇಂಥ ನೆರವು ಇಲ್ಲದೆ ಶುರುವಾದ ಕಡೆ ಪೈಲಟ್ ಕಣ್ಣಿನ ಮೇಲೇ ಭಾರ ಹಾಕಬೇಕು. ಅದಕ್ಕೆ ವಿಎಫ್‌ಆರ್ ಅನ್ನುತ್ತಾರೆ. ಆಗ ನಿಯಮ ಬಿಗಿ. ಸಾಮಾನ್ಯವಾಗಿ 5 ಕಿಲೋಮೀಟರ್ ದೂರ ಸ್ಪಷ್ಟವಾಗಿ ಕಾಣಬೇಕು, ಮೋಡ 1,500 ಅಡಿಗಿಂತ ಕೆಳಗೆ ಇರಬಾರದು. ಮಲೆನಾಡಿನ ಮಳೆಗಾಲ ನೋಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಷ್ಟು ಬೆಳಿಗ್ಗೆ 5 ಕಿಲೋಮೀಟರ್ ದೂರದ ಗುಡ್ಡ ಕಾಣುತ್ತದೆ ಹೇಳಿ? ಚಳಿಗಾಲದಲ್ಲಿ ಬೆಳಗಿನ ಮಂಜು ಬೇರೆ.

ವಿಮಾನ ಒಂದೆರಡು ಸುತ್ತು ಹಾಕುತ್ತದೆ. ಇಂಧನದ ಲೆಕ್ಕ ನೋಡುತ್ತದೆ. ಕಾಣದಿದ್ದರೆ ಬೇರೆ ಊರಿಗೆ ಹೋಗುತ್ತದೆ, ಇಲ್ಲವೇ ಬೆಂಗಳೂರಿಗೇ ವಾಪಸ್. ಒಳಗೆ ಕೂತವರು ಎರಡು ಗಂಟೆ ಹಾರಿ ಹೊರಟ ಜಾಗಕ್ಕೇ ಬಂದು ಇಳಿಯುತ್ತಾರೆ. ಸೋಗಾನೆಯಲ್ಲಿ ಅದೇ ವಿಮಾನ ಹತ್ತಲು ಕಾದಿದ್ದವರ ಬೆಂಗಳೂರಿನ ಮುಂದಿನ ವಿಮಾನ ತಪ್ಪುತ್ತದೆ. ಶಿವಮೊಗ್ಗದಲ್ಲಿ ಇದು ಒಂದಲ್ಲ, ಹಲವು ಸಲ ಆಗಿದೆ. ಒಂದು ಸಲ ಹೀಗಾದವರು ಮುಂದಿನ ಸಲ ಮಗನ ವೀಸಾ ಸಂದರ್ಶನಕ್ಕೋ, ಅಮ್ಮನ ಆಪರೇಷನ್‌ಗೋ ಹೊರಟಾಗ ವಿಮಾನವನ್ನು ನೆಚ್ಚಿಕೊಳ್ಳುತ್ತಾರೆಯೇ? ಸುಮ್ನೆ ರಿಸ್ಕ್ ಯಾಕೆ ಅಂತ ಕಾರು ಮಾಡಿಕೊಂಡು ಹೋಗುತ್ತಾರೆ.

ರಾತ್ರಿಯ ಕಥೆಯೂ ಇದೇ. ಉದ್ಘಾಟನೆಯ ಹೊತ್ತಿಗೆ ಇಲ್ಲಿ ರಾತ್ರಿ ಇಳಿಯುವ ವ್ಯವಸ್ಥೆ ಇರಲಿಲ್ಲ. 'ಇನ್ನೇನು ಬಂತು' ಎಂಬ ಭರವಸೆ ವರ್ಷಗಟ್ಟಲೆ ಕೇಳಿಬಂತು. 2024ರಲ್ಲಿ ನಿಲ್ದಾಣದ ಪರವಾನಗಿಯನ್ನು ವಿಮಾನಯಾನ ನಿಯಂತ್ರಕ ಡಿಜಿಸಿಎ ಒಂದು ತಿಂಗಳ ಮಟ್ಟಿಗೆ ಮಾತ್ರ ಮುಂದುವರಿಸಿದ್ದೂ ಉಂಟು. ಹತ್ತಾರು ಎಕರೆ ಕಾಂಕ್ರೀಟ್ ಹಾಕಿದ ಜಾಗದಲ್ಲಿ ಸುರಕ್ಷತೆಯ ಪಟ್ಟಿಯ ಕೆಲಸಗಳು ಬಾಕಿ ಉಳಿಯುವುದು ಅಂದ್ರೆ, ಯಾವುದಕ್ಕೆ ಮೊದಲು ದುಡ್ಡು ಇಡಬೇಕು ಎಂಬುದನ್ನೇ ನಾವು ತಪ್ಪಾಗಿ ನಿರ್ಧರಿಸಿದ್ದೇವೆ ಅಂತ ಅರ್ಥ.

ಕೆಟ್ಟ ಹೊತ್ತು, ಖಾಲಿ ಸೀಟು

ಉಪಕರಣ ಇಲ್ಲದ್ದರ ಪೆಟ್ಟು ಮೋಡ ಕವಿದ ದಿನಕ್ಕೆ ಮುಗಿಯುವುದಿಲ್ಲ. ಅದು ವರ್ಷಪೂರ್ತಿಯ ವೇಳಾಪಟ್ಟಿಯನ್ನೇ ಕೆಡಿಸುತ್ತದೆ. ಬೆಳಗಿನ ಜಾವ ಮಂಜು, ಸಂಜೆ ಬೇಗ ಕತ್ತಲು. ಹಾಗಾಗಿ ವಿಮಾನ ಕಂಪನಿ ಬಿಸಿಲೇರಿದ ಮೇಲಿನ ಹೊತ್ತನ್ನೇ ಆರಿಸಿಕೊಳ್ಳುತ್ತದೆ. ಶುರುವಿನಲ್ಲಿ ಬೆಂಗಳೂರು ವಿಮಾನ ಸೋಗಾನೆಗೆ ಬರುತ್ತಿದ್ದದ್ದು ಬೆಳಿಗ್ಗೆ 10 ದಾಟಿದ ಮೇಲೆ. ಅರ್ಧ ಗಂಟೆಯೊಳಗೆ ವಾಪಸ್ ಹೊರಡುತ್ತಿತ್ತು.

ಇದರಲ್ಲಿ ಹೋದವರು ದೇವನಹಳ್ಳಿ ತಲುಪುವಾಗ ಮಧ್ಯಾಹ್ನ. ಅಲ್ಲಿಂದ ನಗರದೊಳಗೆ ಹೋಗಲು ಒಂದೂವರೆ ಗಂಟೆ. ವಿಧಾನಸೌಧದಲ್ಲೋ ಹೈಕೋರ್ಟ್‌ನಲ್ಲೋ ಕೆಲಸ ಇದ್ದವರಿಗೆ ದಿನ ಹೋಯಿತು. ಬೆಳಿಗ್ಗೆ 5ರ ಆಸುಪಾಸಿಗೆ ಶಿವಮೊಗ್ಗ ಬಿಡುವ ಜನಶತಾಬ್ದಿ 10ರ ಹೊತ್ತಿಗೆ ಬೆಂಗಳೂರಿನಲ್ಲಿ ಇಳಿಸುತ್ತದೆ. ಸಂಜೆ ಅದೇ ರೈಲಿನಲ್ಲಿ ವಾಪಸ್ ಬರಬಹುದು. ಟಿಕೆಟ್ ದರವಂತೂ ಹೋಲಿಸುವ ಹಾಗೇ ಇಲ್ಲ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಒಂದು ದಿನದ ಕೆಲಸಕ್ಕೆ ಬರುವವರಿಗೂ ಅದೇ ಕಷ್ಟ. ಬೆಳಿಗ್ಗೆ ಬಂದು ಸಂಜೆ ಹೋಗಲು ವಿಮಾನವಿಲ್ಲ. ಹೋಟೆಲ್ ಮಾಡಿ ಉಳಿಯಬೇಕು.

ಹೀಗೆ ಯಾರಿಗೂ ಸರಿಹೋಗದ ಹೊತ್ತಿನಲ್ಲಿ ಹಾರುವ ವಿಮಾನದಲ್ಲಿ ಸೀಟು ಖಾಲಿ ಉಳಿದರೆ ಆಶ್ಚರ್ಯವೇನು? ಆದರೆ ಆ ಖಾಲಿ ಸೀಟಿನ ಲೆಕ್ಕವೇ ಮುಂದಿನ ಸಭೆಯಲ್ಲಿ 'ಬೇಡಿಕೆ ಇಲ್ಲ' ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಬೇಡಿಕೆ ಇಲ್ಲ ಅಂದ ಮೇಲೆ ಉಪಕರಣಕ್ಕೆ ದುಡ್ಡು ಬಿಡುಗಡೆ ಮಾಡಲು ಯಾರಿಗೂ ಅವಸರ ಇರುವುದಿಲ್ಲ. ಒಂದರ ಬಾಲ ಇನ್ನೊಂದು ಹಿಡಿದುಕೊಂಡು ಸುತ್ತುತ್ತದೆ.

ಕಂಪನಿಗಳ ಕಡೆಯಿಂದಲೂ ನೋಡಬೇಕು. ಒಂದು ಎಟಿಆರ್ ದಿನಕ್ಕೆ ಒಂದೇ ಊರಿಗೆ ಹೋಗಿ ಬಂದು ನಿಲ್ಲುವುದಿಲ್ಲ. ಬೆಳಿಗ್ಗೆಯಿಂದ ರಾತ್ರಿವರೆಗೆ ಊರಿಂದೂರಿಗೆ ಓಡುತ್ತಲೇ ಇರಬೇಕು, ಆಗ ಮಾತ್ರ ಲೆಕ್ಕ ಸರಿಹೋಗುತ್ತದೆ. ಸೋಗಾನೆಯಲ್ಲಿ ಒಂದು ಇಳಿಯುವಿಕೆ ತಪ್ಪಿದರೆ ಅದರ ನಂತರದ ನಾಲ್ಕು ಹಾರಾಟಗಳ ಸಮಯ ಹಾಳು. ಹೀಗಿರುವಾಗ ಬೆಳಗಿನ 7 ಗಂಟೆ, ಸಂಜೆ 6 ಗಂಟೆಯಂಥ ಬೆಲೆಬಾಳುವ ಹೊತ್ತನ್ನು ಕಂಪನಿ ಖಚಿತವಾಗಿ ಇಳಿಯಬಲ್ಲ ಊರಿಗೇ ಕೊಡುತ್ತದೆ. ಅವರನ್ನು ಬೈದು ಪ್ರಯೋಜನವಿಲ್ಲ.

ಯಾರಿಗೆ ಬೇಕು ಈ ವಿಮಾನ?

ಇಲ್ಲಿ ಒಂದು ವಿಷಯ ಚರ್ಚೆಯಲ್ಲಿ ಮರೆತೇ ಹೋಗುತ್ತದೆ. ಶಿವಮೊಗ್ಗದಿಂದ ಬೆಂಗಳೂರು ನಗರಕ್ಕೆ ಹೋಗುವವರಿಗೆ ವಿಮಾನ ಅಷ್ಟೇನೂ ಸಮಯ ಉಳಿಸುವುದಿಲ್ಲ. ಆದರೆ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋಗುವವರಿಗೆ ತುಂಬಾ ಉಳಿಸುತ್ತದೆ. ಇವರಿಬ್ಬರೂ ಬೇರೆ ಬೇರೆ ಪ್ರಯಾಣಿಕರು.

ಸಾಗರದ ಒಬ್ಬ ಅಜ್ಜಿ ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಟಿದ್ದಾರೆ ಅನ್ನಿ. ಇಂಥ ಅಜ್ಜಿಯರು ಮಲೆನಾಡಿನಲ್ಲಿ ಎಷ್ಟೋ ಜನ. ಈಗ ಅವರು ಏನು ಮಾಡುತ್ತಾರೆ? ರೈಲಿನಲ್ಲೋ ಟ್ಯಾಕ್ಸಿಯಲ್ಲೋ ಬೆಂಗಳೂರಿಗೆ ಬಂದು, ನೆಂಟರ ಮನೆಯಲ್ಲಿ ಉಳಿದು, ಎರಡು ದೊಡ್ಡ ಸೂಟ್‌ಕೇಸು, ಉಪ್ಪಿನಕಾಯಿ ಡಬ್ಬ, ಬಾಣಂತಿ ಖಾರದ ಪೊಟ್ಟಣ ಎಲ್ಲ ಎತ್ತಿಕೊಂಡು ನಡುರಾತ್ರಿ ದೇವನಹಳ್ಳಿಗೆ ಹೋಗುತ್ತಾರೆ. ಸಂಜೆ ಸೋಗಾನೆಯಿಂದ ನಂಬಬಹುದಾದ ಒಂದು ವಿಮಾನ ಇದ್ದರೆ, ಅದೇ ನಿಲ್ದಾಣದಲ್ಲಿ ಇಳಿದು ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಹೋದರೆ ಆಯಿತು. ದೆಹಲಿಗೆ ಹೋಗುವ ಅಡಿಕೆ ವ್ಯಾಪಾರಿಗೂ, ಕೊಲ್ಕತ್ತಾದಿಂದ ಕುವೆಂಪು ವಿಶ್ವವಿದ್ಯಾಲಯದ ಸೆಮಿನಾರಿಗೆ ಬರುವ ಪ್ರೊಫೆಸರಿಗೂ ಬೇಕಿರುವುದು ಇದೇ. ಹಾಗಾಗಿ ಸೋಗಾನೆ ವಿಮಾನದ ಸಮಯವನ್ನು ಬೆಂಗಳೂರಿನ ಆಫೀಸು ವೇಳೆಗೆ ಹೊಂದಿಸುವುದರ ಜೊತೆಗೆ, ದೇವನಹಳ್ಳಿಯಿಂದ ರಾತ್ರಿ ಹೊರಡುವ ವಿದೇಶಿ ವಿಮಾನಗಳಿಗೂ ಹೊಂದಿಸಬೇಕು. ಮಧ್ಯಾಹ್ನಕ್ಕೇ ತಲುಪಿಸಿಬಿಟ್ಟರೆ ಆ ಅಜ್ಜಿ ಇಡೀ ಸಂಜೆ ಕುರ್ಚಿ ಮೇಲೆ ಕಾಯಬೇಕು.

ಹೈದರಾಬಾದ್, ಚೆನ್ನೈ, ಗೋವಾ, ತಿರುಪತಿ ಮಾರ್ಗಗಳ ವಿಚಾರ ಬೇರೆ. ಅಲ್ಲಿ ವಿಮಾನಕ್ಕೆ ನೇರ ಲಾಭ ಇದೆ. ಇಡೀ ರಾತ್ರಿ ಬಸ್ಸಿನಲ್ಲಿ ಕೂರುವ ದಾರಿ ಒಂದು ಒಂದೂವರೆ ಗಂಟೆಗೆ ಇಳಿಯುತ್ತದೆ.

ಆಸ್ಪತ್ರೆಯ ಮಾತು ಜಾಸ್ತಿ ಕೇಳಿಬರುತ್ತದೆ, ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು. ತೀರ್ಥಹಳ್ಳಿ ಕಡೆಯ ರೋಗಿ ತುರ್ತಿದ್ದರೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುತ್ತಾರೆ. ಆ ಘಾಟಿಯ 14 ತಿರುವುಗಳ ರಸ್ತೆ ಮಳೆಗಾಲದಲ್ಲಿ ಸರಿಯಾಗಿರುವುದು ಅವರಿಗೆ ವಿಮಾನಕ್ಕಿಂತ ಮುಖ್ಯ. ವಿಮಾನ ನಿಲ್ದಾಣ ನೆರವಿಗೆ ಬರುವುದು ಏರ್ ಆಂಬುಲೆನ್ಸ್ ಬೇಕಾದಾಗ, ದಾನ ಮಾಡಿದ ಅಂಗವನ್ನು ಗಂಟೆಗಳೊಳಗೆ ಬೇರೆ ನಗರಕ್ಕೆ ಸಾಗಿಸಬೇಕಾದಾಗ. ಅಂಥ ಹೊತ್ತು ಹಗಲು ನೋಡಿಕೊಂಡು ಬರುವುದಿಲ್ಲ. ರಾತ್ರಿ ಇಳಿಯುವ ದೀಪ, ಉಪಕರಣ ಇಲ್ಲದ ನಿಲ್ದಾಣ ಆ ಕೆಲಸಕ್ಕೆ ಅರ್ಧ ದಿನ ಮಾತ್ರ ಒದಗುತ್ತದೆ.

ಕೈಗಾರಿಕೆ ಬರುತ್ತದೆ ಎಂಬ ಮಾತಂತೂ ಮೊದಲ ದಿನದಿಂದ ಇದೆ. 2023ರ ಜನವರಿಯಲ್ಲಿ ಭದ್ರಾವತಿಯ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ ಮುಚ್ಚುವ ನಿರ್ಧಾರ ಹೊರಬಿತ್ತು. ಫೆಬ್ರುವರಿಯಲ್ಲಿ ಅದೇ ಜಿಲ್ಲೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಕಾಗದದ ಕಾರ್ಖಾನೆ ಎಂಪಿಎಂ ಅದಕ್ಕೂ ಮೊದಲೇ ನಿಂತುಹೋಗಿತ್ತು. ಸಾವಿರಾರು ಮನೆಗಳಿಗೆ ಅನ್ನ ಕೊಟ್ಟ ಕಾರ್ಖಾನೆಗಳ ಬದಲಿಗೆ ವಿಮಾನ ನಿಲ್ದಾಣ ಬಂತು ಅಂತ ಭದ್ರಾವತಿಯವರಿಗೆ ಹೇಳಲು ಸಾಧ್ಯವೇ ಇಲ್ಲ. ರನ್‌ವೇ ತಾನಾಗಿಯೇ ಕಾರ್ಖಾನೆ ತರುವುದಿಲ್ಲ. ಹುಬ್ಬಳ್ಳಿಯಲ್ಲಿ ವಿಮಾನ ನಡೆಯುತ್ತಿರುವುದು ಅಲ್ಲಿ ಮೊದಲೇ ವ್ಯಾಪಾರ, ರೈಲ್ವೆ, ಕಾಲೇಜು, ಕೋರ್ಟು ಎಲ್ಲ ಇದ್ದುದರಿಂದ.

ದುಡ್ಡಿನ ಲೆಕ್ಕ

ಸಣ್ಣ ನಿಲ್ದಾಣಕ್ಕೆ ಆದಾಯ ಎಲ್ಲಿಂದ ಬರುತ್ತದೆ ಅಂತ ನೋಡಿದರೆ ನಷ್ಟ ಯಾಕೆ ಆಗುತ್ತದೆ ಎಂಬುದು ಗೊತ್ತಾಗುತ್ತದೆ. ನಮ್ಮ ದೇಶದಲ್ಲಿ 80ಕ್ಕಿಂತ ಕಡಿಮೆ ಸೀಟಿನ ದೇಶೀಯ ವಿಮಾನಗಳಿಗೆ ಲ್ಯಾಂಡಿಂಗ್ ಶುಲ್ಕದ ವಿನಾಯಿತಿ ಇದೆ. ಇಂಡಿಗೋದ ಎಟಿಆರ್‌ನಲ್ಲಿ 78 ಸೀಟು ಇರುವುದು ಕಾಕತಾಳೀಯ ಅಲ್ಲ. ಸಣ್ಣ ಊರುಗಳಿಗೆ ವಿಮಾನ ಓಡಿಸಲು ಕೇಂದ್ರ ತಂದ ಉಡಾನ್ ಯೋಜನೆಯ ಹಾರಾಟಗಳಿಗೂ ಲ್ಯಾಂಡಿಂಗ್, ಪಾರ್ಕಿಂಗ್ ಶುಲ್ಕ ಇಲ್ಲ. ಅಂದ್ರೆ ಸಣ್ಣ ಊರಿಗೆ ಬರುವ ವಿಮಾನಗಳಿಂದ ಆ ಊರಿನ ನಿಲ್ದಾಣಕ್ಕೆ ಸಿಗುವುದು ಬಹಳ ಕಡಿಮೆ. ಅಂಗಡಿ ಬಾಡಿಗೆ, ಜಾಹೀರಾತು ಫಲಕ, ಕಾರ್ ಪಾರ್ಕಿಂಗ್ ಇವುಗಳಿಂದ ಬರಬೇಕು. ದಿನಕ್ಕೆ ಕೆಲವೇ ವಿಮಾನ ಬಂದರೆ ಕಾಫಿ ಅಂಗಡಿಯವನಿಗೂ ಗಿಟ್ಟುವುದಿಲ್ಲ.

ಖರ್ಚು ಮಾತ್ರ ವಿಮಾನದ ಸಂಖ್ಯೆ ನೋಡಿ ಇಳಿಯುವುದಿಲ್ಲ. ಒಂದೇ ವಿಮಾನ ಬಂದರೂ ಅಗ್ನಿಶಾಮಕ ವಾಹನ ಸಿದ್ಧ ಇರಬೇಕು, ಸಿಬ್ಬಂದಿ ಕವಚ ತೊಟ್ಟು ನಿಲ್ಲಬೇಕು. ಕಂಟ್ರೋಲ್ ಟವರ್‌ನಲ್ಲಿ ಅಧಿಕಾರಿ ಇರಬೇಕು, ಹವಾಮಾನ ನೋಡುವವರು ಇರಬೇಕು, ಎಕ್ಸ್‌ರೇ ಯಂತ್ರದ ಹಿಂದೆ ಭದ್ರತೆಯವರು ಕೂರಬೇಕು. ರನ್‌ವೇ ಮೇಲೆ ನಾಯಿ, ನವಿಲು, ಹಕ್ಕಿ ಬರದಂತೆ ಕಾಯಬೇಕು. ಬೆಂಗಳೂರಿನಲ್ಲಿ ಈ ಖರ್ಚು ನೂರಾರು ವಿಮಾನಗಳಿಗೆ ಹಂಚಿಹೋಗುತ್ತದೆ. ಸೋಗಾನೆಯಲ್ಲಿ ಬೆರಳೆಣಿಕೆಯ ಹಾರಾಟಗಳ ಮೇಲೆ ಬೀಳುತ್ತದೆ. ಜೊತೆಗೆ ಇದು ರಾಜ್ಯ ಸರ್ಕಾರವೇ ತನ್ನ ಸಂಸ್ಥೆ ಕೆಎಸ್‌ಐಐಡಿಸಿ ಮೂಲಕ ನಡೆಸುತ್ತಿರುವ ನಿಲ್ದಾಣ. ಕಲಬುರಗಿ, ಹುಬ್ಬಳ್ಳಿ, ಬೆಳಗಾವಿ, ಮೈಸೂರಿನ ಹಾಗೆ ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರದ ಕೈಯಲ್ಲಿಲ್ಲ. ಇಲ್ಲಿನ ನಷ್ಟ ನೇರವಾಗಿ ರಾಜ್ಯದ ಲೆಕ್ಕಕ್ಕೇ ಬರುತ್ತದೆ. ಹಾಗೆಯೇ ಇಲ್ಲಿನ ತೀರ್ಮಾನಗಳೂ ರಾಜ್ಯದ ಕೈಯಲ್ಲೇ ಇವೆ, ದೆಹಲಿಯ ಮೇಲೆ ಎಲ್ಲವನ್ನೂ ಹಾಕಿ ಕೂರುವಂತಿಲ್ಲ.

ಇನ್ನು ಉಡಾನ್. 2017ರ ಏಪ್ರಿಲ್ 27ರಂದು ಶಿಮ್ಲಾ–ದೆಹಲಿ ಹಾರಾಟದಿಂದ ಶುರುವಾದ ಈ ಯೋಜನೆಯ ಲೆಕ್ಕಾಚಾರ ಸರಳ. ಒಂದು ಗಂಟೆಯ ಪ್ರಯಾಣಕ್ಕೆ ಶುರುವಿನಲ್ಲಿ ಸುಮಾರು 2,500 ರೂಪಾಯಿ ಮಿತಿಯಲ್ಲಿ ಒಂದಷ್ಟು ಸೀಟು ಕೊಡಬೇಕು. ಕಂಪನಿಗೆ ಆಗುವ ಕೊರತೆಯನ್ನು ಸರ್ಕಾರ ತುಂಬುತ್ತದೆ. ಬಹುಪಾಲು ಕೇಂದ್ರದ ನಿಧಿಯಿಂದ, ಶೇ 20ರಷ್ಟು ರಾಜ್ಯದಿಂದ. ಆ ಕೇಂದ್ರ ನಿಧಿಗೆ ದುಡ್ಡು ಬರುವುದು ದೊಡ್ಡ ನಗರಗಳ ನಡುವಿನ ಹಾರಾಟಗಳ ಮೇಲೆ ಹಾಕುವ ಸುಂಕದಿಂದ. ಇದೆಲ್ಲ ಮೂರು ವರ್ಷಕ್ಕೆ. ಆಮೇಲೆ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು ಎಂಬುದು ನಿರೀಕ್ಷೆ.

ನಿಂತವೆಷ್ಟು? ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ ವರದಿ 2023ರಲ್ಲಿ ಸಂಸತ್ತಿನ ಮುಂದೆ ಬಂತು, ಅದು ಲೆಕ್ಕ ಕೊಟ್ಟಿದೆ. ಯೋಜನೆಯ ಮೂರನೇ ಸುತ್ತಿನವರೆಗೆ ಹಂಚಿದ್ದು 774 ಮಾರ್ಗ. ಅದರಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ನೆರವಿನ ಅವಧಿ ಮುಗಿದ ಮೇಲೂ 2023ರ ಮಾರ್ಚ್ ಹೊತ್ತಿಗೆ ಹಾರುತ್ತಿದ್ದದ್ದು 54. ಈ ಅಂಕಿಗಳನ್ನು ಹಿಡಿದು ಯೋಜನೆಯೇ ದಂಡ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮೂರು ವರ್ಷ ಎಂಬ ಗಡುವು ಸಣ್ಣ ಊರಿಗೆ ಸಾಲದು, ಅದೂ ಮೊದಲೆರಡು ವರ್ಷ ಉಪಕರಣಕ್ಕೆ ಕಾಯುವುದರಲ್ಲೇ ಕಳೆದುಹೋದರೆ ಏನೂ ಸಾಲದು ಅಂತ ಈ ಅಂಕಿ ಹೇಳುತ್ತಿದೆ.

ಕಲಬುರಗಿ, ಬೀದರ್ ಕಲಿಸಿದ್ದು

ಕಲಬುರಗಿಯ ನಿಲ್ದಾಣ 2019ರ ನವೆಂಬರ್ 22ರಂದು ತೆರೆಯಿತು. ಶಿವಮೊಗ್ಗ, ಕಲಬುರಗಿ ಎರಡೂ 2008ರ ಸುಮಾರಿಗೆ ಖಾಸಗಿಯವರ ಕೈಗೆ ಕೊಟ್ಟು, ನಡುವೆ ನಿಂತು, ಕೊನೆಗೆ ಸರ್ಕಾರವೇ ಕಟ್ಟಿ ಮುಗಿಸಿದ ನಿಲ್ದಾಣಗಳು. ಅಲ್ಲೂ ರನ್‌ವೇ 3 ಕಿಲೋಮೀಟರ್ ದಾಟಿದೆ. ಬೆಂಗಳೂರು ಅಲ್ಲಿಂದ ರೈಲಿನಲ್ಲಿ ಒಂದು ರಾತ್ರಿಯ ದಾರಿ. 2024ರ ಮಾರ್ಚ್‌ನಲ್ಲಿ ಬಂದ ವಂದೇ ಭಾರತ್‌ಗೂ ಎಂಟು ಗಂಟೆಗೂ ಜಾಸ್ತಿ ಬೇಕು. ಶಿವಮೊಗ್ಗಕ್ಕಿಂತ ವಿಮಾನದ ಅಗತ್ಯ ಅಲ್ಲಿ ಎಷ್ಟೋ ಪಾಲು ಹೆಚ್ಚು. ಹೈಕೋರ್ಟ್ ಪೀಠ, ಕೇಂದ್ರೀಯ ವಿಶ್ವವಿದ್ಯಾಲಯ, ಇಎಸ್‌ಐ ಆಸ್ಪತ್ರೆ ಇರುವ ಊರು ಅದು. ಆದರೂ ಉಡಾನ್ ನೆರವಿನ ಅವಧಿ ಮುಗಿದ ಮೇಲೆ ಹಾರಾಟಗಳು ಒಂದೊಂದಾಗಿ ಕಡಿಮೆಯಾದವು. 2025ರ ಅಕ್ಟೋಬರ್‌ನಲ್ಲಿ ಉಳಿದಿದ್ದ ಬೆಂಗಳೂರು ವಿಮಾನವೂ ನಿಂತಿತು. ಕಲ್ಯಾಣ ಕರ್ನಾಟಕದ ಅತಿ ದೊಡ್ಡ ನಗರದ ಜನರಿಗೆ ಇದು ಆದ ಅನ್ಯಾಯ ಅಂತಲೇ ನಾನು ಹೇಳುತ್ತೇನೆ. ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನ ಕೊಟ್ಟು ಹಿಂದುಳಿದ ಪ್ರದೇಶ ಅಂತ ಒಪ್ಪಿಕೊಂಡ ಕಡೆ, ಮಾರುಕಟ್ಟೆ ತಾನಾಗಿ ಬೆಳೆಯಲಿ ಅಂತ ಕೈಕಟ್ಟಿ ಕೂರುವುದು ಸರಿಯಲ್ಲ.

ಬೀದರ್‌ನ ಕಥೆ ಇದಕ್ಕೆ ಎದುರಾಗಿ ನಿಲ್ಲುತ್ತದೆ. 2020ರ ಫೆಬ್ರುವರಿಯಲ್ಲಿ ಅಲ್ಲಿ ನಾಗರಿಕ ವಿಮಾನ ಶುರುವಾಯಿತು. ಕಂಪನಿ ಮುಗ್ಗರಿಸಿ ನಿಂತಿತು. 2022ರಲ್ಲಿ ಇನ್ನೊಂದು ಕಂಪನಿ ಬಂತು. 2023ರ ಕೊನೆಗೆ ಅದೂ ನಿಂತಿತು. ಆಗ ರಾಜ್ಯ ಸರ್ಕಾರ ತಾನೇ ಕೊರತೆ ತುಂಬಿಕೊಡುವುದಾಗಿ ಒಪ್ಪಿ, 2025ರ ಏಪ್ರಿಲ್‌ನಲ್ಲಿ ಬೆಂಗಳೂರು–ಬೀದರ್ ಹಾರಾಟವನ್ನು ಮತ್ತೆ ಶುರು ಮಾಡಿಸಿತು. ರಾಜ್ಯಕ್ಕೆ ಮನಸ್ಸಿದ್ದರೆ ದಾರಿ ಇದೆ ಎಂಬುದಕ್ಕೆ ಬೀದರ್ ಕಣ್ಣೆದುರಿನ ಉದಾಹರಣೆ.

ಮೈಸೂರಿನದು ಇನ್ನೊಂದು ಬಗೆಯ ಕಷ್ಟ. ಅಲ್ಲಿ ಪ್ರವಾಸಿಗರಿಗೆ ಬರವಿಲ್ಲ. ಆದರೆ ಮಂಡಕಳ್ಳಿಯ ರನ್‌ವೇ 1,740 ಮೀಟರ್ ಮಾತ್ರ. ಎಟಿಆರ್‌ಗಿಂತ ದೊಡ್ಡದು ಅಲ್ಲಿ ಬರುವುದು ಕಷ್ಟ. ಉದ್ದ ಮಾಡಲು ನಂಜನಗೂಡು ಹೆದ್ದಾರಿ ಅಡ್ಡ. ಮೈಸೂರಿಗೆ ಜನ ಇದ್ದಾರೆ, ರನ್‌ವೇ ಸಾಲದು. ಶಿವಮೊಗ್ಗಕ್ಕೆ ರನ್‌ವೇ ಇದೆ, ಇಳಿಸುವ ಕಣ್ಣು ಸಾಲದು. ಹೀಗೆ ಒಂದೊಂದು ಊರಿನ ಕೊರತೆ ಒಂದೊಂದು ಬಗೆ ಇರುವಾಗ ಎಲ್ಲದಕ್ಕೂ ಒಂದೇ ಯೋಜನೆ, ಒಂದೇ ಮೂರು ವರ್ಷದ ಗಡುವು ಹಾಕಿದರೆ ಹೇಗೆ?

ಬೇರೆ ದೇಶಗಳು ಇದನ್ನು ಹೇಗೆ ನೋಡಿವೆ ಎಂಬುದೂ ಗೊತ್ತಿರಲಿ. ಅಮೆರಿಕ 1978ರಲ್ಲಿ ವಿಮಾನಯಾನದ ಮೇಲಿನ ಸರ್ಕಾರಿ ಹಿಡಿತ ಸಡಿಲಿಸಿತು. ಲಾಭವಿಲ್ಲದ ಸಣ್ಣ ಊರುಗಳನ್ನು ಕಂಪನಿಗಳು ಬಿಟ್ಟುಬಿಡುತ್ತವೆ ಎಂಬುದು ಆಗಲೇ ಗೊತ್ತಿತ್ತು. ಹಾಗಾಗಿ ಅಂಥ ಊರುಗಳಿಗೆ ಸರ್ಕಾರವೇ ದುಡ್ಡು ಕೊಟ್ಟು ವಿಮಾನ ಓಡಿಸುವ ಯೋಜನೆ ಮಾಡಿತು. 10 ವರ್ಷಕ್ಕೆ ಅಂತ ಶುರುವಾದದ್ದು ಇವತ್ತಿಗೂ ನಡೆಯುತ್ತಿದೆ. ಖಾಸಗಿ ಮಾರುಕಟ್ಟೆಯನ್ನು ಅಷ್ಟು ನಂಬುವ ದೇಶವೇ ಇದನ್ನು ಸಾರ್ವಜನಿಕ ಸೇವೆ ಅಂತ ಒಪ್ಪಿಕೊಂಡಿದೆ. ನಮ್ಮಲ್ಲೇ ಕೆಎಸ್‌ಆರ್‌ಟಿಸಿ ಬಸ್ಸು ನಷ್ಟದ ಹಳ್ಳಿ ಮಾರ್ಗದಲ್ಲೂ ಓಡುತ್ತದೆ. ಆ ಬಸ್ಸು ಮೂರು ವರ್ಷದಲ್ಲಿ ಲಾಭ ತೋರಿಸಬೇಕು ಅಂತ ಯಾರೂ ಕೇಳುವುದಿಲ್ಲ, ಅಲ್ವಾ?

ವಿಮಾನ ಹತ್ತುವವರು ಉಳ್ಳವರು, ಅವರಿಗೆ ಯಾಕೆ ಜನರ ತೆರಿಗೆ ದುಡ್ಡು ಎಂಬ ಆಕ್ಷೇಪ ಬರುತ್ತದೆ. ಅದು ತೂಕ ಇರುವ ಮಾತು. ಬಸ್ ಟಿಕೆಟ್ಟಿಗೂ ಲೆಕ್ಕ ಹಾಕುವವರ ದುಡ್ಡದು. ಹಾಗಾಗಿಯೇ ಎಲ್ಲ ಮಾರ್ಗಕ್ಕೂ ನೆರವು ಕೊಡಬಾರದು ಅನ್ನುತ್ತೇನೆ. ಗೋವಾಕ್ಕೆ ರಜೆ ಕಳೆಯಲು ಹೋಗುವವರ ಟಿಕೆಟ್ಟಿಗೆ ಸರ್ಕಾರ ದುಡ್ಡು ಹಾಕಬೇಕಿಲ್ಲ. ರಾಜಧಾನಿಗೆ ಸೇರಿಸುವ ಒಂದು ಮಾರ್ಗ, ಅದು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಅಷ್ಟಕ್ಕೆ ನೆರವು ಇರಲಿ. ಕಲಬುರಗಿಗೆ ಮೊದಲು, ಬೀದರ್‌ಗೆ 2025ರಲ್ಲಿ ಒಪ್ಪಿದ ಹಾಗೆ, ಆಮೇಲೆ ಶಿವಮೊಗ್ಗಕ್ಕೆ.

ಹೊಸದು ಕಟ್ಟುವ ಮೊದಲು

ವಿಜಯಪುರದ ಬುರಣಾಪುರ, ಹಾಸನದ ಬೂವನಹಳ್ಳಿ, ರಾಯಚೂರಿನ ಯರಮರಸ್. ಸಾಲಾಗಿ ಇನ್ನಷ್ಟು ನಿಲ್ದಾಣಗಳು ಬರಲಿವೆ. 2025ರ ಕೇಂದ್ರ ಬಜೆಟ್ ಹತ್ತು ವರ್ಷದಲ್ಲಿ 120 ಹೊಸ ಊರುಗಳನ್ನು ಉಡಾನ್‌ಗೆ ಸೇರಿಸುವ ಮಾತಾಡಿದೆ. ವಿಜಯಪುರದವರು ಎಷ್ಟು ವರ್ಷದಿಂದ ಕಾಯುತ್ತಿದ್ದಾರೆ ಅಂತ ಗೊತ್ತಿರುವುದರಿಂದ ಅದು ಬೇಡ ಅನ್ನಲು ನನಗೆ ಮನಸ್ಸಿಲ್ಲ. ಆದರೆ ಮೊದಲ ವಿಮಾನ ಇಳಿಯುವ ದಿನವೇ ಐಎಲ್‌ಎಸ್, ರಾತ್ರಿ ದೀಪ, ಎಲ್ಲ ಪರವಾನಗಿ ಸಿದ್ಧವಿರಬೇಕು. ಟರ್ಮಿನಲ್ ಸಣ್ಣದಾದರೂ ನಡೆಯುತ್ತದೆ. ಜನ ಹೆಚ್ಚಾದರೆ ಆಮೇಲೆ ದೊಡ್ಡದು ಮಾಡಬಹುದು. ಮೊದಲ ಎರಡು ವರ್ಷದಲ್ಲಿ ಕಳೆದುಕೊಂಡ ನಂಬಿಕೆ ಮತ್ತೆ ಗಳಿಸುವುದು ಅದಕ್ಕಿಂತ ಕಷ್ಟ.

ಊರಿನಿಂದ ನಿಲ್ದಾಣಕ್ಕೆ ಹೋಗುವ ದಾರಿಯೂ ಇದರಲ್ಲೇ ಸೇರಬೇಕು. ಸಾಗರ, ಭದ್ರಾವತಿ, ತೀರ್ಥಹಳ್ಳಿಯಿಂದ ಬರುವವರಿಗೆ ವಿಮಾನದ ಹೊತ್ತಿಗೆ ಹೊಂದುವ ಸರ್ಕಾರಿ ಬಸ್ಸು ಬೇಕು. ಟ್ಯಾಕ್ಸಿ ಬಾಡಿಗೆಯೇ ವಿಮಾನ ಟಿಕೆಟ್ಟಿನ ಹತ್ತಿರ ಹೋದರೆ ಕಡಿಮೆ ದರದ ಟಿಕೆಟ್ ಕೊಟ್ಟು ಏನು ಬಂತು?

ಇನ್ನೊಂದು ಬಾಕಿ ಇದೆ. ಸೋಗಾನೆಯಲ್ಲಿ ಈ ನಿಲ್ದಾಣಕ್ಕಾಗಿ ಜಮೀನು ಬಿಟ್ಟುಕೊಟ್ಟ ರೈತ ಕುಟುಂಬಗಳು ತಮಗೆ ಹೇಳಿದ್ದ ನಿವೇಶನ ಕೊಡಿ ಅಂತ ಧರಣಿ ಕೂತಿವೆ. ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಮುಳುಗಡೆಯಾದವರ ಹಕ್ಕುಪತ್ರದ ಗೋಳು ಅರವತ್ತು ವರ್ಷವಾದರೂ ಮುಗಿಯದ ಜಿಲ್ಲೆ ಇದು. ಇಲ್ಲಿ ಮತ್ತೊಂದು ಯೋಜನೆಗೆ ಭೂಮಿ ಕೊಟ್ಟವರು ಕಚೇರಿಯಿಂದ ಕಚೇರಿಗೆ ಅಲೆಯಬಾರದು. ನಿಲ್ದಾಣದಿಂದ ಊರಿಗೇನು ಲಾಭ ಎಂಬ ಪ್ರಶ್ನೆಗೆ ಮೊದಲ ಉತ್ತರ ಸಿಗಬೇಕಾದದ್ದು ಅವರಿಗೆ.

ಉಡಾನ್ ನೆರವಿನ ಹಾರಾಟಗಳು ಸೋಗಾನೆಯಲ್ಲಿ ಶುರುವಾದದ್ದು 2023ರ ನವೆಂಬರ್‌ನಲ್ಲಿ. ಮೂರು ವರ್ಷದ ಲೆಕ್ಕ 2026ರ ಕೊನೆಗೆ ಬಂದು ನಿಲ್ಲುತ್ತದೆ. ಕಲಬುರಗಿಯಲ್ಲಿ ಏನಾಯಿತು ಅಂತ ಗೊತ್ತಿದ್ದೂ ಆ ದಿನದವರೆಗೆ ಕಾಯುವುದು ಬೇಡ. ಬೀದರ್‌ನಂತೆ ಒಪ್ಪಂದ ಮಾಡಿಕೊಳ್ಳುವುದಿದ್ದರೆ ಈಗಲೇ ಮಾತುಕತೆ ಶುರುವಾಗಲಿ. ಒಪ್ಪಂದದಲ್ಲಿ ಬೆಳಿಗ್ಗೆ–ಸಂಜೆಯ ಹೊತ್ತನ್ನು ಬರೆಸಿಕೊಳ್ಳಲಿ. ಹಾರಾಟ ರದ್ದಾದ ದಿನಕ್ಕೆ ನೆರವಿನ ದುಡ್ಡು ಇಲ್ಲ ಅಂತಲೂ ಬರೆಸಲಿ. ತಿಂಗಳಿಗೆ ಎಷ್ಟು ವಿಮಾನ ಬಂತು, ಎಷ್ಟು ತಪ್ಪಿತು, ತಪ್ಪಿದ್ದು ಮೋಡಕ್ಕೋ, ಉಪಕರಣಕ್ಕೋ, ಕಂಪನಿಯ ಕಾರಣಕ್ಕೋ ಎಂಬ ಪಟ್ಟಿಯನ್ನು ಕೆಎಸ್‌ಐಐಡಿಸಿ ಕನ್ನಡದಲ್ಲಿ ಪ್ರಕಟಿಸಲಿ. ಜಿಲ್ಲೆಯ ಸಂಸದರು, ಶಾಸಕರು ಮುಂದಿನ ಸಭೆಗೆ ಆ ಪಟ್ಟಿ ಕೈಯಲ್ಲಿ ಹಿಡಿದು ಹೋಗಲಿ.